ಖಾಲಿ ಕೇಸನ್ನು (ತೋಟಾದ ಲೋಹದ ಚಿಪ್ಪು) ಮತ್ತೆ ತುಂಬುವಾಗ 223 ರೆಮಿಂಗ್ಟನ್ ರೈಫಲ್ ತೋಟಾಕ್ಕೆ ಸ್ಮಾಲ್ ಪಿಸ್ತೂಲ್ ಪ್ರೈಮರ್ (ಪೌಡರಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಹಾಕಬಹುದೇ? ಪೌಡರ್ ಯಾವುದು?

ಹಾಕಬೇಡಿ. ಸ್ಮಾಲ್ ರೈಫಲ್, ಸ್ಮಾಲ್ ಪಿಸ್ತೂಲ್ ಪ್ರೈಮರ್ ಎರಡರ ವ್ಯಾಸವೂ 0.175 ಇಂಚು, ಹಾಗಾಗಿ ಸಲೀಸಾಗಿ ಕೂರುತ್ತದೆ. ಮೋಸ ಹೋಗುವುದೇ ಅಲ್ಲಿ. ಪಿಸ್ತೂಲ್ ಪ್ರೈಮರಿನ ಲೋಹದ ಬಟ್ಟಲು ತೆಳು. 223ರ ಗರಿಷ್ಠ ಒತ್ತಡವೋ 55,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಬಟ್ಟಲು ತೂತಾದರೆ ಬಿಸಿ ಅನಿಲ ತೋಟಾದ ಹಿಂಬದಿ ಮುಚ್ಚುವ ಬೋಲ್ಟಿನೊಳಗೆ ನುಗ್ಗುತ್ತದೆ.

ಎಆರ್-15 ರೈಫಲಿನಲ್ಲಿ ಇನ್ನೊಂದು ಅಪಾಯವಿದೆ. ಪ್ರೈಮರಿಗೆ ಬಡಿಯುವ ಅದರ ಫೈರಿಂಗ್ ಪಿನ್ನಿಗೆ ಸ್ಪ್ರಿಂಗ್ ಇಲ್ಲ. ಬೋಲ್ಟ್ ಮುಚ್ಚಿದಾಗೆಲ್ಲ ಆ ಪಿನ್ ಪ್ರೈಮರನ್ನು ಮೆಲ್ಲಗೆ ತಟ್ಟುತ್ತದೆ. ತೆಳು ಬಟ್ಟಲಾದರೆ ಟ್ರಿಗರ್ ಒತ್ತದೆಯೂ ಗುಂಡು ಹಾರಬಹುದು. ಸಿಸಿಐ 41 ಪ್ರೈಮರಿನಂಥ ದಪ್ಪ ಬಟ್ಟಲಿನದನ್ನೇ ಆರಿಸಿ, ಕೇಸಿನ ತಳಕ್ಕಿಂತ ಕೂದಲೆಳೆಯಷ್ಟು ಒಳಗೆ ಕೂರಿಸಿ. ಬೆರಳಾಡಿಸಿ ನೋಡಿ, ಉಬ್ಬು ತಾಕಬಾರದು.

ಪೌಡರಿನಲ್ಲಿ ಎಚ್335ರಂಥ ಬಾಲ್ (ದುಂಡು ಕಾಳಿನ) ಪೌಡರ್ ಅಳತೆಯಂತ್ರದಿಂದ ಮರಳಿನಂತೆ ಸಮನಾಗಿ ಇಳಿಯುತ್ತದೆ. ಆದರೆ ಹೊತ್ತಿಕೊಳ್ಳುವುದು ತುಸು ಕಷ್ಟ, ಚಳಿಯಲ್ಲಿ ಹೆಚ್ಚು ಜೋರಾಗಿ ಹೊತ್ತಿಸುವ ಮ್ಯಾಗ್ನಂ ಪ್ರೈಮರ್ ನೆರವಾಗುತ್ತದೆ. ಕಡ್ಡಿಯಾಕಾರದ ಕಾಳಿನ ವಾರ್ಗೆಟ್ ಪೌಡರ್ ಬಿಸಿಲಿಗೂ ಚಳಿಗೂ ಅಷ್ಟಾಗಿ ಬದಲಾಗದು. ಅಳತೆಯಂತ್ರದಲ್ಲಿ ಸಿಕ್ಕಿಕೊಳ್ಳುವುದರಿಂದ ಪ್ರತಿಯೊಂದನ್ನೂ ತೂಗಿ.

ತಯಾರಕರ ಪಟ್ಟಿಯ ಆರಂಭಿಕ ತೂಕದಿಂದಲೇ ಶುರುಮಾಡಿ. ಪ್ರೈಮರ್, ಗುಂಡು, ಕೇಸ್ ಯಾವುದೇ ಬದಲಾದರೂ ಮತ್ತೆ ಅಲ್ಲಿಗೇ ಇಳಿಯಿರಿ. ಪ್ರೈಮರ್ ಚಪ್ಪಟೆಯಾದರೆ, ಕೇಸಿನ ತಳದಲ್ಲಿ ಹೊಳೆಯುವ ಗುರುತು ಬಿದ್ದರೆ ನಿಲ್ಲಿಸಿ. ಮೇಜಿನ ಮೇಲೆ ಒಂದೇ ಪೌಡರ್ ಡಬ್ಬಿ ಇರಲಿ.