ಹತ್ತು ಇಂಚಿನ ಚಾಕು, ರಾತ್ರಿ ಹನ್ನೊಂದು ಗಂಟೆ

ಪ್ರಶ್ನೆ: ವಕೀಲರೇ, ನಾನು ಕುಂದಾಪುರ ಕಡೆಯವ. ಬೆಂಗಳೂರಲ್ಲಿ ಮದುವೆ ಅಡುಗೆ ಕಾಂಟ್ರಾಕ್ಟರ್ ಹತ್ತಿರ ತರಕಾರಿ ಹೆಚ್ಚುವ ಕೆಲಸ. ಆನ್‌ಲೈನಲ್ಲಿ 10 ಇಂಚು ಅಲಗಿನ ಚಾಕು ತರಿಸಿದ್ದೆ. ಮೊನ್ನೆ ರಾತ್ರಿ 11ಕ್ಕೆ ಬೈಕಲ್ಲಿ ಬರುವಾಗ ನಾಕಾಬಂದಿಯಲ್ಲಿ ಬ್ಯಾಗ್ ಬಿಚ್ಚಿಸಿ, ಒಂದು ಗಂಟೆ ಕೂರಿಸಿ ಬಿಟ್ಟರು. ಇನ್ನು ಚಾಕು ಕೊಳ್ಳಲಿಕ್ಕೂ ಲೈಸೆನ್ಸ್ ಬರ್ತದೆ ಅಂತಾರೆ, ಹೌದಾ? ಮುಂದಿನ ವಾರ ಮದುವೆಯೊಂದಕ್ಕೆ ಹುಬ್ಬಳ್ಳಿಗೆ ವಿಮಾನದಲ್ಲಿ ಹೋಗಬೇಕು. ಚಾಕು ಒಯ್ಯಬಹುದಾ?

ಉತ್ತರ: ತಮ್ಮಾ, ಒಂದು ಗಂಟೆಗೇ ಬಿಟ್ಟರಲ್ಲ, ಆ ಪೊಲೀಸರಿಗೆ ತಾಳ್ಮೆ ಇತ್ತು ಅನ್ನಿ. ನನ್ನ ಕಕ್ಷಿದಾರನೊಬ್ಬ ಎಳನೀರು ಮಾರುವವ. ಅವನ ಮಚ್ಚು ವಾಪಸು ಬರಲು ಎರಡು ವರ್ಷ ಬೇಕಾಯಿತು. ಮಹಜರಿನಲ್ಲಿ ‘ಒಂದು ಹರಿತವಾದ ಮಾರಕಾಸ್ತ್ರ’ ಅಂತ ಬರೆದು ಕೈತೊಳೆದುಕೊಂಡಿದ್ದರು. ಉದ್ದವಿಲ್ಲ, ಅಗಲವಿಲ್ಲ, ನಕ್ಷೆಯಿಲ್ಲ. ವಿಚಾರಣೆಯ ದಿನ ಜಡ್ಜ್ ಸಾಹೇಬರು ಸ್ಕೇಲ್ ತರಿಸಿದರು. ಗಂಟು ಬಿಚ್ಚಿದರೆ ಅಲಗಿನ ಮೇಲೆ ಎಳನೀರಿನ ಕರೆ ಹಾಗೇ ಕಪ್ಪಗೆ ಒಣಗಿ ಕೂತಿತ್ತು. ಸಾಕ್ಷಿ ಹೇಳಬೇಕಾದದ್ದನ್ನು ಆ ಕರೆಯೇ ಹೇಳಿತು.

ಯಾಕೆಂದರೆ 1959ರ ಆರ್ಮ್ಸ್ ಆಕ್ಟ್ ಮತ್ತು 2016ರ ನಿಯಮಗಳ ಲೆಕ್ಕ ಹೀಗಿದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧಗಳ ಪಟ್ಟಿಗೆ ಸೇರುತ್ತದೆ. ಆದರೆ ಮನೆಗೆಲಸಕ್ಕೆ, ಬೇಸಾಯಕ್ಕೆ, ಕೈಗಾರಿಕೆಗೆ ಅಂತ ಮಾಡಿದ್ದನ್ನು ಆ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. ಇಲ್ಲದಿದ್ದರೆ ನಮ್ಮಮ್ಮನ ಮೆಟ್ಟುಗತ್ತಿಗೂ ಲೈಸೆನ್ಸ್ ಬೇಕಾಗುತ್ತಿತ್ತು! ಅದಲ್ಲದೆ ಬಂದೂಕಲ್ಲದ ಆಯುಧಕ್ಕೆ ಲೈಸೆನ್ಸ್ ಕೇಳಬೇಕಾದರೆ ಆ ಪ್ರದೇಶಕ್ಕೆ 4ನೇ ಕಲಮಿನಡಿ ಅಧಿಸೂಚನೆ ಹೊರಟಿರಬೇಕು. ದೆಹಲಿಯಲ್ಲಿ ಬಟನ್ ಚಾಕುವಿಗೆ (ಗುಂಡಿ ಒತ್ತಿದರೆ ಅಲಗು ತೆರೆಯುವಂಥದ್ದು) 1980ರಿಂದ ಅಂಥದ್ದೊಂದಿದೆ: ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಇದ್ದರೂ ಕೇಸು. ನಿಮ್ಮ ಚಾಕು ಉದ್ದದಲ್ಲಿ ಗೆರೆ ದಾಟಿದೆ, ಕೆಲಸದಲ್ಲಿ ದಾಟಿಲ್ಲ.

ಹಾಗಂತ ಎಲ್ಲ ದಿನವೂ ಒಂದೇ ಅಲ್ಲ. ಚುನಾವಣೆ, ಗಲಾಟೆ, ಗಣಪತಿ ಮೆರವಣಿಗೆ ಅಂತ ನಿಷೇಧಾಜ್ಞೆ ಇದ್ದಾಗ ಬಡಿಗೆ ಹಿಡಿದರೂ ತಪ್ಪಾಗಬಹುದು. ಇನ್ನು ರೀಲ್ಸ್ ಹುಚ್ಚು. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ ಇಬ್ಬರು ರಿಯಾಲಿಟಿ ಶೋ ಸ್ಪರ್ಧಿಗಳ ಮೇಲೆ ಇದೇ ಆರ್ಮ್ಸ್ ಆಕ್ಟ್ ಬಿತ್ತು. ನೀವು ಆ ಚಾಕು ಬೀಸುತ್ತಾ ವಿಡಿಯೊ ಹಾಕಿದರೆ ಸೌತೆಕಾಯಿ ನಿಮ್ಮ ಪರ ಸಾಕ್ಷಿ ಹೇಳಲು ಬರುವುದಿಲ್ಲ.

ಮುಂದೇನು ಅಂತ ಕೇಳಿದಿರಿ. ಅಡುಗೆ ಚಾಕುವಿಗೆ ಲೈಸೆನ್ಸ್ ಬರುತ್ತದೆ ಅಂತ ನನಗನಿಸುವುದಿಲ್ಲ. ಊರಿಗೊಂದು ಕುಲುಮೆ ಇರುವ ದೇಶದಲ್ಲಿ ಅದನ್ನು ನಡೆಸುವವರ್ಯಾರು? ಬಿಗಿಯಾದರೆ ಆನ್‌ಲೈನ್ ಮಾರಾಟ ಬಿಗಿಯಾದೀತು. ಇವತ್ತು ನಮ್ಮ ಆರ್ಮ್ಸ್ ಆಕ್ಟಿನಲ್ಲಿ ಅಡುಗೆ ಚಾಕು ಕೊಳ್ಳುವವನ ವಯಸ್ಸಿನ ಮಾತೇ ಇಲ್ಲ. ಇಂಗ್ಲೆಂಡಿನಲ್ಲಿ 18 ತುಂಬದವರಿಗೆ ಮಾರುವುದೇ ಅಪರಾಧ. ಲೆಸ್ಟರಿನಲ್ಲಿರುವ ನನ್ನ ಮಗಳು ಈರುಳ್ಳಿ ಹೆಚ್ಚಲು ಚಾಕು ತರಿಸಿದರೆ ಡೆಲಿವರಿ ಹುಡುಗ ಬಾಗಿಲಲ್ಲೇ ನಿಂತು ಗುರುತಿನ ಚೀಟಿ ಕೇಳಿದನಂತೆ. ನಲವತ್ತು ದಾಟಿದವಳಿಗೆ ಖುಷಿಯೋ ಖುಷಿ. ಅಲ್ಲಿ 2024ರ ಸೆಪ್ಟೆಂಬರಿನಲ್ಲಿ ನೋಡಿದರೇ ಹೆದರಿಕೆಯಾಗುವಂತೆ ಮಾಡಿದ ‘ಜಾಂಬಿ’ ಚಾಕು, 2025ರ ಆಗಸ್ಟ್‌ನಲ್ಲಿ ನೇರ ಅಲಗಿನ ‘ನಿಂಜಾ’ ಕತ್ತಿ ಇಟ್ಟುಕೊಳ್ಳುವುದನ್ನೇ ನಿಷೇಧಿಸಿದರು. ಬಾಗಿಲಲ್ಲಿ ವಯಸ್ಸು ಕೇಳುವ ಪದ್ಧತಿ ಇಲ್ಲಿಗೂ ಬರಲಿ, ನನ್ನ ಆಕ್ಷೇಪವಿಲ್ಲ. ಹೆಸರು ಬದಲಿಸಿ ಇನ್ನೊಂದು ಚಾಕು ಮಾರುವವರ ಹಿಂದೆ ಓಡುವ ನಿಷೇಧದ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ಸದ್ಯಕ್ಕೆ ಚಾಕುವನ್ನು ಒರೆಯಲ್ಲಿಟ್ಟು, ಏಪ್ರನ್ನಿನಲ್ಲಿ ಸುತ್ತಿ, ಬ್ಯಾಗಿನ ತಳಕ್ಕೆ ಹಾಕಿ. ತುರಿಮಣೆ, ಸಿಪ್ಪೆ ತೆಗೆಯುವ ಸಾಮಾನು ಜೊತೆಗಿರಲಿ. ಬಿಲ್ಲು ಮೊಬೈಲಿನಲ್ಲಿರಲಿ, ಕಾಂಟ್ರಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ. ಬೈಕಿನ ಟ್ಯಾಂಕ್ ಬ್ಯಾಗಿನಲ್ಲಿ ಕೈಗೆ ಸಿಗುವ ಹಾಗೆ ಇಡಬೇಡಿ, ‘ನಾಯಿ ಕಾಟಕ್ಕೆ ಇಟ್ಕೊಂಡಿದೀನಿ ಸಾರ್’ ಅಂತ ಜಾಣತನ ಮಾಡಬೇಡಿ. ಆ ಒಂದು ಮಾತಿಗೆ ಅಡುಗೆ ಚಾಕು ಆಯುಧವಾಗಿಬಿಡುತ್ತದೆ.

ಹುಬ್ಬಳ್ಳಿ ವಿಮಾನಕ್ಕೆ ಚೆಕ್-ಇನ್ ಲಗೇಜಿನಲ್ಲಿ ಹಾಕಿ. ಕೈಚೀಲದಲ್ಲಿ ಇಟ್ಟಿರೋ, ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಆಮೇಲೆ ಮದುವೆಮನೆಯಲ್ಲಿ ಸಿಕ್ಕಿದ ಮೊಂಡು ಚಾಕುವಿನಲ್ಲೇ ಕುಂಬಳಕಾಯಿ ಹೆಚ್ಚಬೇಕಾದೀತು.