‘ಈ ಹುಡುಗಿ ರಿಸರ್ಚ್‌ಗೆ ರೆಡಿ ಇಲ್ಲ’ ಅಂದವರು ನೋಡಿದ್ದೇನು?

(ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಒಬ್ಬರ ಕಥೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ.)

ಕೂತ ಕೂಡಲೇ ಆಕೆ ಫೈಲ್ ತೆಗೆದು ಮೇಜಿನ ಮೇಲಿಟ್ಟರು. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಸರ್ಟಿಫಿಕೇಟು, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪತ್ರ, ಕೋರ್ಸ್‌ವರ್ಕಿನ ಅಂಕಪಟ್ಟಿ. “ಇದನ್ನೆಲ್ಲ ನೋಡಿ ಮೇಡಂ. ಆಮೇಲೆ ಹೇಳಿ, ನಾನು ದಡ್ಡಿನಾ?”

ಸಮಾಜಶಾಸ್ತ್ರದಲ್ಲಿ ಪಿಎಚ್‌.ಡಿ., ಎರಡನೇ ವರ್ಷ. ಊರು ಉತ್ತರ ಕರ್ನಾಟಕದ ಕಡೆ. ಹಿಂದಿನ ವಾರ ಸಂಶೋಧನಾ ಸಲಹಾ ಸಮಿತಿಯ ಮುಂದೆ ಕೂತಿದ್ದರು. ಹದಿನೈದು ನಿಮಿಷ ಪ್ರಶ್ನೆ ಕೇಳಿ ಒಬ್ಬ ಸದಸ್ಯರು, “ಈ ಹುಡುಗಿ ರಿಸರ್ಚ್‌ಗೆ ರೆಡಿ ಇಲ್ಲ” ಅಂದರಂತೆ. ಗೈಡ್ ಸುಮ್ಮನಿದ್ದರು. ಆವತ್ತಿನಿಂದ ನಿದ್ದೆಯಿಲ್ಲ, ಅವ್ವನ ಫೋನ್ ಕೂಡ ಎತ್ತಿಲ್ಲ.

ಬದುಕೇ ಬೇಡ ಅನ್ನಿಸಿದೆಯಾ ಎಂದು ಮೊದಲು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ. ಇಲ್ಲ ಅಂದರು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ರಾತ್ರಿ ಎರಡು ಗಂಟೆಗೆ ನಾನು ಸಿಗುವುದಿಲ್ಲ, ಅಲ್ವಾ?

ಆಮೇಲೆ ಆ ಫೈಲಿಗೆ ಬಂದೆವು. ನೆಟ್‌ನಲ್ಲಿ 150 ಪ್ರಶ್ನೆ. ಎಲ್ಲದಕ್ಕೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದನ್ನು ಆರಿಸಬೇಕು. ಅದರಲ್ಲಿ ಆಕೆ ಗಟ್ಟಿ. ಪಿಎಚ್‌.ಡಿ.ಯಲ್ಲಿ ಉತ್ತರ ಹಾಗಿರಲಿ, ಪ್ರಶ್ನೆಯನ್ನೂ ಯಾರೂ ಕೊಡುವುದಿಲ್ಲ.

“ಸಿನಾಪ್ಸಿಸ್ ಓದಿ” ಅಂದೆ. ಸಿನಾಪ್ಸಿಸ್ ಅಂದರೆ ಮಾಡಬೇಕಾದ ಸಂಶೋಧನೆಯ ರೂಪರೇಖೆ. ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರ ಬಗ್ಗೆ. ತಲೆಬರಹದ ಕೊನೆಗೆ ಎಂದಿನ ‘ಒಂದು ಅಧ್ಯಯನ’. ಐದು ಉದ್ದೇಶಗಳು, ಐದೂ ಹಳೆಯ ಪ್ರಬಂಧಗಳಿಂದ ಎತ್ತಿದಂಥವು.

“ಇದರಲ್ಲಿ ನಿಮಗೆ ನಿಜವಾಗಿ ಗೊತ್ತಿಲ್ಲದ್ದು ಯಾವುದು?”

ತುಂಬ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, “ಅವ್ವ ಸಂತೆಯಲ್ಲಿ ಸೊಪ್ಪು ಮಾರ್ತಿದ್ದಳು ಮೇಡಂ. ಬೆಳಿಗ್ಗೆ ಬಡ್ಡಿ ಸಾಲದವನ ಹತ್ರ 900 ಇಸ್ಕೊಂಡು ಸಂಜೆ 1,000 ಕೊಡ್ತಿದ್ದಳು. ಸಂಘದಲ್ಲಿ ಕಡಿಮೆ ಬಡ್ಡಿಗೆ ಸಾಲ ಸಿಗ್ತಿತ್ತು. ಆದರೂ ಅವನ ಹತ್ರಾನೇ ಯಾಕೆ ಹೋಗ್ತಿದ್ದಳು ಅಂತ ನನಗಿನ್ನೂ ಗೊತ್ತಿಲ್ಲ.”

“ಇದು ಸಿನಾಪ್ಸಿಸ್‌ನಲ್ಲಿ ಎಲ್ಲಿದೆ?”

“ಇಲ್ಲ. ಇದನ್ನೆಲ್ಲ ಬರೀಬಾರದು ಅಂದ್ಕೊಂಡೆ.”

ಸಮಿತಿಯವರು ಪೂರ್ತಿ ತಪ್ಪು ಎಂದು ನನಗನ್ನಿಸಲಿಲ್ಲ. ಅದನ್ನು ಆಕೆಗೂ ಹೇಳಿದೆ. ಆ ಸಿನಾಪ್ಸಿಸ್ ತಯಾರಿರಲಿಲ್ಲ, ನಿಜ. ಹುಡುಗಿಯೇ ತಯಾರಿಲ್ಲ ಅನ್ನುವುದು ಬೇರೆ ಮಾತು. ಹದಿನೈದು ನಿಮಿಷದಲ್ಲಿ ಹೆಚ್ಚಾಗಿ ಕಾಣುವುದು ಧೈರ್ಯ ಮತ್ತು ಇಂಗ್ಲಿಷ್. ಸಮಿತಿ ಮುಂದೆ ಪಟಪಟ ಮಾತಾಡಿ, ಮೂರನೇ ವರ್ಷದಲ್ಲಿ, ಭರ್ತಿ ಮಾಡಿಸಿದ ಪ್ರಶ್ನಾವಳಿಗಳ ಕಟ್ಟನ್ನು ಅಟ್ಟಕ್ಕೆ ಹಾಕಿ ನನ್ನ ಹತ್ತಿರ ಬಂದವರೂ ಇದ್ದಾರೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಪ್ರತಿ ಸೆಮಿಸ್ಟರ್ ಈ ಸಮಿತಿ ಕೂರಬೇಕು. ಪ್ರಗತಿ ಸಾಲದು ಅನ್ನಿಸಿದರೆ ಕಾರಣ ದಾಖಲಿಸಬೇಕು, ಸರಿಪಡಿಸಿಕೊಳ್ಳುವ ದಾರಿಯನ್ನೂ ಹೇಳಬೇಕು. ಈಕೆಯ ಕೈಯಲ್ಲಿ ಒಂದು ಸಾಲೂ ಇರಲಿಲ್ಲ. ಹಾಗಾಗಿ ಮೊದಲ ಸಲಹೆ, ಗೈಡ್‌ಗೆ ಮೇಲ್ ಹಾಕುವುದು. ದೂರಿನ ಥರ ಬೇಡ ಅಂದೆ. ಅಲ್ಲೇ ಕೂತು ಬರೆದೆವು: “ಸರ್, ಯಾವ ಭಾಗ ದುರ್ಬಲವಾಗಿದೆ, ಮುಂದಿನ ಸಭೆಗೆ ಏನು ತರಬೇಕು, ದಯವಿಟ್ಟು ತಿಳಿಸಿ.” ಕಳಿಸುವಾಗ ಆಕೆಯ ಕೈ ನಡುಗುತ್ತಿತ್ತು.

ಎರಡನೆಯದು ಸಣ್ಣ ಕೆಲಸ. ನಾಲ್ಕು ವಾರ, ಒಂದೇ ಸಂತೆ, ನಾಲ್ವರು ಹೆಂಗಸರು. ಸಾಲದ ಮಾತು ಮಾತ್ರ. ಕೊನೆಗೆ ಎರಡು ಪುಟ ಬರೆದು ಗೈಡ್‌ಗೆ ತೋರಿಸುವುದು. ಅದರಲ್ಲಿ ‘ನಾನು ಅಂದುಕೊಂಡಿದ್ದು ಎಲ್ಲಿ ತಪ್ಪಾಯಿತು’ ಅನ್ನುವ ಭಾಗ ಇರಲೇಬೇಕು. ನಾನು ಪ್ರೊಫೆಸರ್ ಅಲ್ಲ. ಆದರೆ ಸಂಶೋಧನೆಗೆ ಯಾರು ತಯಾರು ಎಂದು ನೋಡಲು ನನ್ನನ್ನು ಕೂರಿಸಿದರೆ ಇದನ್ನೇ ಹುಡುಕುತ್ತೇನೆ. ಲೆಕ್ಕಕ್ಕೆ ಹೊಂದದ ಮಾತನ್ನು ಈಕೆ ಬರೆದುಕೊಂಡರಾ, ಬಿಟ್ಟುಬಿಟ್ಟರಾ? ಕೇಳಿ ಬಂದ ಮೇಲೆ ಪ್ರಶ್ನೆ ಬದಲಾಯಿತಾ?

“ಅವ್ವನನ್ನೇ ಕೇಳಲಾ?” ಅಂದರು. ಮೊದಲು ಫೋನ್ ಎತ್ತಿ, ಮಗಳಾಗಿ ಮಾತಾಡಿ, ಸಾಲದ ಪ್ರಶ್ನೆ ಆಮೇಲೆ ಅಂದೆ.

ಬಿಟ್ಟುಬಿಡುವ ಮಾತೂ ಬಂತು. ಫೆಲೋಶಿಪ್‌ನಿಂದ ತಿಂಗಳಿಗೆ ಬರುವ 37,000ದಲ್ಲಿ ಒಂದು ಪಾಲು ಮನೆಗೆ ಹೋಗುತ್ತದೆ. ಎರಡು ವರ್ಷ ತುಂಬಿದಾಗ ಎಸ್‌ಆರ್‌ಎಫ್‌ಗೆ (ಹಿರಿಯ ಸಂಶೋಧನಾ ಫೆಲೋಶಿಪ್) ಏರಿಸಲು ಮತ್ತೆ ಮೌಲ್ಯಮಾಪನ. ಅದರ ಭಯ ಬೇರೆ. ಪಿಎಚ್‌.ಡಿ. ಬಿಡುವುದು ಸೋಲಲ್ಲ, ಆದರೆ ನಿದ್ದೆಗೆಟ್ಟ ತಿಂಗಳಲ್ಲಿ ಆ ತೀರ್ಮಾನ ಬೇಡ ಅಂದೆ.

ಐದು ವಾರ ಬಿಟ್ಟು ಬಂದರು. ಗೈಡ್ ಉತ್ತರ ಎರಡೇ ಸಾಲು: ಐದು ಉದ್ದೇಶ ಎರಡಕ್ಕಿಳಿಸು, ಫೀಲ್ಡಿಗೆ ಹೋಗಿ ಬಾ. ಸಂಘದ ಬಡ್ಡಿ ಎಷ್ಟೆಂದು ಹೆಂಗಸರಿಗೆ ಗೊತ್ತಿರಲಿಕ್ಕಿಲ್ಲ ಎಂದು ಈಕೆ ಅಂದುಕೊಂಡಿದ್ದರು. ಎಲ್ಲರಿಗೂ ಪೈಸೆ ಸಮೇತ ಗೊತ್ತಿತ್ತು. ಒಬ್ಬಾಕೆ ಹೇಳಿದ್ದನ್ನು ಹಾಗೇ ಬರೆದು ತಂದಿದ್ದರು: “ಸಂಘದ ಮೀಟಿಂಗು ಸಂತಿ ದಿನಾನ ಇಡ್ತಾರವ್ವ, ಹೆಂಗ್ ಹೋಗೂದು?”

“ಮೀಟಿಂಗಿನ ದಿನ ಯಾರು ಗೊತ್ತು ಮಾಡ್ತಾರೆ ಅಂತ ಈಗ ನೋಡಬೇಕು ಮೇಡಂ” ಅಂದರು.

ಸಮಿತಿ ಮತ್ತೆ ಕೂರುವುದು ಬರುವ ತಿಂಗಳು. ನಿದ್ದೆ ಇನ್ನೂ ಸರಿಹೋಗಿಲ್ಲ. ಸಭೆಗೆ ಎರಡು ದಿನ ಮೊದಲು ಬರಲು ಹೇಳಿದ್ದೇನೆ.