ಅನ್ನ ಬಿಡಿಸಿ ಕೊಬ್ಬರಿ ಎಣ್ಣೆ ಕೊಡಲಾ?

ಶಿರಸಿ ಕಡೆಯ ಅಜ್ಜಿಯೊಬ್ಬರು ಬರೆದಿದ್ದಾರೆ: "ಮೊಮ್ಮಗನಿಗೆ ನಾಲ್ಕು ವರ್ಷ. ಆಗಾಗ ಫಿಟ್ಸ್ ಬರುತ್ತದೆ. ಎರಡು ಔಷಧಿ ಕೊಟ್ಟರೂ ನಿಂತಿಲ್ಲ. ಕೀಟೋ ಊಟದಿಂದ ಫಿಟ್ಸ್ ಕಡಿಮೆಯಾಗುತ್ತದೆ ಅಂತ ಹೋದ ಸಂಚಿಕೆಯಲ್ಲಿ ಒಂದು ಸಾಲು ಓದಿದೆ. ಅನ್ನ ಬಿಡಿಸಿ ಕೊಬ್ಬರಿ ಎಣ್ಣೆ ಕೊಡಲಾ? ಇದನ್ನು ಹೇಳಿದವರು ಯಾರು, ನಂಬಬಹುದಾ?"

ಅಮ್ಮಾ, ನಮಸ್ಕಾರ. ಮೊದಲು ಇಷ್ಟು ಮಾಡಿ. ಆ ಎರಡು ಔಷಧಿಗಳನ್ನು ಒಂದು ಹೊತ್ತೂ ತಪ್ಪಿಸಬೇಡಿ. ಅನ್ನವನ್ನೂ ಈಗಲೇ ಬಿಡಿಸಬೇಡಿ. ತೂಕ ಇಳಿಸುವ ಲೇಖನದ ನಡುವೆ ಇಂಥ ವಿಷಯವನ್ನು ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಬಿಟ್ಟದ್ದು ನಮ್ಮ ತಪ್ಪು. ನಿಮ್ಮ ಕಾಗದ ಓದಿದ ಮೇಲೆ ಮನಸ್ಸಿಗೆ ಸಮಾಧಾನವಿಲ್ಲ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಉಪವಾಸವಿದ್ದರೆ ಫಿಟ್ಸ್ ಕಡಿಮೆಯಾಗುವುದು ಬಹಳ ಹಿಂದೆಯೇ ಗೊತ್ತಿತ್ತು. ಆದರೆ ಮಗುವನ್ನು ಎಷ್ಟು ದಿನ ಉಪವಾಸ ಕೆಡವಲು ಆಗುತ್ತದೆ? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್ ಬೇರೆ ದಾರಿ ಹೇಳಿದರು. ಜಿಡ್ಡು ಜಾಸ್ತಿ, ಪಿಷ್ಟ-ಸಕ್ಕರೆ ತೀರಾ ಕಮ್ಮಿ ಇರುವ ಊಟ ಕೊಟ್ಟರೆ ಲಿವರ್ ಕೊಬ್ಬಿನಿಂದ ಕೀಟೋನ್ ಎಂಬ ಇಂಧನ ತಯಾರಿಸುತ್ತದೆ, ಮಿದುಳು ಅದರ ಮೇಲೆ ನಡೆಯುತ್ತದೆ. ಕೀಟೋ ಊಟ ಅಂದರೆ ಇದೇ. 1938ರ ಹೊತ್ತಿಗೆ ಫೆನಿಟಾಯಿನ್ ಔಷಧಿ ಬಂತು. ಮಾತ್ರೆ ನುಂಗುವುದು ಸುಲಭ, ಅಲ್ವಾ? ಊಟದ ಚಿಕಿತ್ಸೆ ಮೂಲೆಗೆ ಬಿತ್ತು.

ಅದನ್ನು ಕೈಬಿಡದವರಲ್ಲಿ ಒಬ್ಬರು ಡಾ. ಡ್ಯಾರಿಲ್ ಡಿ ವೀವೋ, ಮಕ್ಕಳ ನರರೋಗ ತಜ್ಞರು. ಸೇಂಟ್ ಲೂಯಿಸ್‌ನಲ್ಲಿದ್ದಾಗ ಅವರು ಇಲಿಗಳಿಗೆ ಜಿಡ್ಡಿನ ಆಹಾರವನ್ನೇ ತಿನ್ನಿಸಿ ನೋಡಿದರು. ಮಿದುಳಿನಲ್ಲಿ ಶಕ್ತಿಯ ದಾಸ್ತಾನು ಹೆಚ್ಚಿತ್ತು. 1978ರಲ್ಲಿ ಅದನ್ನು ಪ್ರಕಟಿಸಿದರು. ಆಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು. 1991ರಲ್ಲಿ ಅವರ ತಂಡ ಎರಡು ಕೂಸುಗಳ ಬಗ್ಗೆ ಬರೆಯಿತು. ಇಬ್ಬರಿಗೂ ಫಿಟ್ಸ್, ಬೆಳವಣಿಗೆಯೂ ಹಿಂದೆ. ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ಬೆನ್ನಿನಿಂದ ತೆಗೆದ ನೀರಿನಲ್ಲಿ ಮಾತ್ರ ಬಹಳ ಕಡಿಮೆ. ಆ ನೀರಿನಲ್ಲಿ ಸಕ್ಕರೆ ಇಳಿದಿದ್ದರೆ ವೈದ್ಯರು ಮೊದಲು ಮಿದುಳು ಪೊರೆಯ ಸೋಂಕು ಅಂತ ಅನುಮಾನಿಸುತ್ತಾರೆ. ಈ ಕೂಸುಗಳಿಗೆ ಸೋಂಕಿರಲಿಲ್ಲ. ಸಕ್ಕರೆ ಮಿದುಳಿನ ಹೊಸ್ತಿಲವರೆಗೆ ಬರುತ್ತಿತ್ತು, ಒಳಗೆ ಕರೆದೊಯ್ಯುವ ಪ್ರೋಟೀನಿನಲ್ಲೇ ದೋಷವಿತ್ತು. ಅದರ ಹೆಸರು ಗ್ಲುಟ್-1. ಕೀಟೋನ್ ಒಳಹೋಗುವುದು ಬೇರೆ ಬಾಗಿಲಿನಿಂದ. ಹಾಗಾಗಿ ಹಳೇ ಜಿಡ್ಡಿನ ಊಟವೇ ಈ ಕಾಯಿಲೆಗೆ ಮುಖ್ಯ ಚಿಕಿತ್ಸೆಯಾಯಿತು. 1998ರಲ್ಲಿ ಜೀನಿನ ದೋಷವೂ ಸಿಕ್ಕಿತು. ಈಗ ಇದನ್ನು ಡಿ ವೀವೋ ಕಾಯಿಲೆ ಎಂದೂ ಕರೆಯುತ್ತಾರೆ. ಇಲಿಯ ಮಿದುಳಿನಲ್ಲಿ ಕಂಡದ್ದು ಅಷ್ಟು ವರ್ಷದ ಮೇಲೆ ಕೂಸುಗಳ ಕೈ ಹಿಡಿಯಿತಲ್ಲ, ನನಗೆ ಅದು ತುಂಬ ದೊಡ್ಡದು ಅನಿಸುತ್ತದೆ.

ನಿಮ್ಮ ಮೊಮ್ಮಗನಿಗೆ ಇದೇ ಇದೆ ಅಂತ ಅಲ್ಲ. ಇದು ಅಪರೂಪದ ಕಾಯಿಲೆ. ಆದರೆ ಔಷಧಿಗೆ ಬಗ್ಗದ ಬೇರೆ ಫಿಟ್ಸ್‌ಗೂ ಈ ಊಟ ನೆರವಾಗುತ್ತದೆ. 2008ರಲ್ಲಿ ಲಂಡನ್ನಿನ ವೈದ್ಯರು 145 ಮಕ್ಕಳನ್ನು ಎರಡು ಗುಂಪು ಮಾಡಿ ಮೂರು ತಿಂಗಳು ನೋಡಿದರು. ಕೀಟೋ ಗುಂಪಿನ 28 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಕೆಳಗಿಳಿಯಿತು. ಊಟ ಬದಲಿಸದ ಇನ್ನೊಂದು ಗುಂಪಿನಲ್ಲಿ ಹಾಗಾದದ್ದು 4 ಮಕ್ಕಳಿಗೆ. ಎಲ್ಲರಿಗೂ ಗುಣ ಕಾಣಲಿಲ್ಲ, ಅದನ್ನೂ ಹೇಳಲೇಬೇಕು.

ಇನ್ನು ಕೊಬ್ಬರಿ ಎಣ್ಣೆ. ಚಮಚ ಎಣ್ಣೆ ಕುಡಿಸಿದರೆ ಅದು ಕೀಟೋ ಊಟವಾಗುವುದಿಲ್ಲ. ಕಟ್ಟುನಿಟ್ಟಿನ ಕ್ರಮದಲ್ಲಿ ಪಿಷ್ಟ, ಪ್ರೋಟೀನ್ ಸೇರಿ 1 ಗ್ರಾಂ ಇದ್ದರೆ ಜಿಡ್ಡು 4 ಗ್ರಾಂ. ಪ್ರತಿ ತುತ್ತನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು. ಕೆಮ್ಮಿನ ಸಿರಪ್‌ನಲ್ಲಿರುವ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ಮಲಬದ್ಧತೆ, ಕಿಡ್ನಿಯಲ್ಲಿ ಕಲ್ಲು, ಬೆಳವಣಿಗೆ ಕುಂಠಿತವಾಗುವುದು, ಎಲ್ಲದರ ಮೇಲೂ ಕಣ್ಣಿಡಬೇಕು. ಕೊಬ್ಬನ್ನು ಕರಗಿಸಲಾಗದ ಹುಟ್ಟು ದೋಷವಿರುವ ಮಕ್ಕಳಿಗಂತೂ ಇದು ಜೀವಕ್ಕೇ ಅಪಾಯ. ಪರೀಕ್ಷೆ ಆಗದೆ ಶುರು ಮಾಡಲೇಬಾರದು.

ಎರಡು ಔಷಧಿಗೂ ಫಿಟ್ಸ್ ನಿಲ್ಲದಿದ್ದಾಗ ಈ ಊಟದ ಬಗ್ಗೆ ವೈದ್ಯರೇ ಯೋಚಿಸುತ್ತಾರೆ. ಮಕ್ಕಳ ನರರೋಗ ತಜ್ಞರ ಹತ್ತಿರ ಹೋದಾಗ "ನಮ್ಮ ಹುಡುಗನಿಗೆ ಕೀಟೋ ಊಟ ಆಗುತ್ತಾ? ಗ್ಲುಟ್-1 ಪರೀಕ್ಷೆ ಬೇಕಾ?" ಅಂತ ನೇರವಾಗಿ ಕೇಳಿ. ಅಲ್ಲಿಯವರೆಗೆ ಒಂದು ನೋಟ್‌ಬುಕ್ ಇಡಿ. ಫಿಟ್ಸ್ ಬಂದ ದಿನ, ಹೊತ್ತು ಬರೆಯಿರಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜಾಸ್ತಿ ಬರುತ್ತದಾ, ತಿಂಡಿ ತಿಂದ ಮೇಲೆ ಕಮ್ಮಿಯಾಗುತ್ತದಾ, ಇದನ್ನು ಮರೆಯದೆ ಗಮನಿಸಿ. ಗ್ಲುಟ್-1 ದೋಷವಿದ್ದರೆ ಹಾಗಾಗುವುದುಂಟು. ಹುಡುಗನ ಜೊತೆ ದಿನವಿಡೀ ಇರುವವರು ನೀವು, ಇದು ನಿಮಗೇ ಚೆನ್ನಾಗಿ ಕಾಣುತ್ತದೆ. ವೈದ್ಯರು ಏನಂದರು ಅಂತ ನಮಗೊಂದು ಕಾಗದ ಹಾಕಿ, ಕಾಯುತ್ತಿರುತ್ತೇನೆ.

– ಸಂಪಾದಕ